ಎದುರಿನವರ ಮಾತನ್ನು ನಾನೇ ಹೇಳಬೇಕಾಗಿ ಬಂದಾಗ

ಸಣ್ಣ ಗ್ರಂಥಾಲಯವೊಂದರ ಸಮಿತಿಯಲ್ಲಿದ್ದೆ. ಪುಸ್ತಕವನ್ನು ತಡವಾಗಿ ತಂದವರಿಗೆ ಹಾಕುವ ದಂಡವನ್ನು ತೆಗೆದುಬಿಡೋಣ ಎಂದು ಗ್ರಂಥಪಾಲಕಿ ಸಭೆಯಲ್ಲಿ ಕೇಳಿದರು. ನಾನು ಖಡಾಖಂಡಿತವಾಗಿ ವಿರೋಧಿಸಿದೆ. ‘ಶಿಸ್ತೇ ಬೇಡ ಅನ್ನುವುದಾದರೆ ಗ್ರಂಥಾಲಯ ಯಾಕೆ?’ ಎಂದೆ. ಕೆಲವರು ತಲೆದೂಗಿದರು. ಗೆದ್ದೆ ಅನ್ನಿಸಿತು.

ಆಕೆ ದನಿ ಏರಿಸಲಿಲ್ಲ. ‘ಶಿಸ್ತು ಬೇಡ ಅಂತ ನಾನು ಹೇಳಲೇ ಇಲ್ಲವಲ್ಲ. ನಾನು ಹೇಳಿದ್ದೇನು ಅಂತ ಒಮ್ಮೆ ನೀವೇ ಹೇಳಿ. ಸರಿಯಿದ್ದರೆ ಹೌದು ಅನ್ನುತ್ತೇನೆ. ಆಮೇಲೆ ಎಷ್ಟು ಬೇಕಾದರೂ ಖಂಡಿಸಿ’ ಎಂದರು.

ಹೇಳಿದೆ. ‘ಅಲ್ಲ’ ಅಂದರು. ಮತ್ತೆ ಹೇಳಿದೆ. ಆಗಲೂ ‘ಅಲ್ಲ’. ಅವರು ಮಾತಾಡುವಷ್ಟು ಹೊತ್ತೂ ನಾನು ಒಳಗೊಳಗೇ ಉತ್ತರ ಹೊಸೆಯುತ್ತಿದ್ದೆ, ಕೇಳಿಸಿಕೊಂಡೇ ಇರಲಿಲ್ಲ. ಕೊನೆಗೆ ಅವರನ್ನೇ ಕೇಳಿ ತಿಳಿದು ಹೇಳಿದೆ: ದಂಡ ಏರುತ್ತಾ ಹೋದರೆ ಓದುಗರು ಅಳುಕಿ ಈ ಕಡೆ ಬರುವುದನ್ನೇ ಬಿಡುತ್ತಾರೆ, ಆಗ ಪುಸ್ತಕವೂ ಇಲ್ಲ, ಓದುಗರೂ ಇಲ್ಲ. ‘ಈಗ ಹೌದು’ ಎಂದರು. ಪುಸ್ತಕ ವಾಪಸ್ ಬರಬೇಕೆಂಬುದೇ ಅವರ ಕಾಳಜಿಯೂ ಆಗಿತ್ತು. ನಾನು ಖಂಡಿಸಿದ್ದು ಅವರ ಬಾಯಿಗೆ ನಾನೇ ತುರುಕಿದ ಮಾತನ್ನು.

ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ, ಅಂದರೆ ಗ್ರಂಥಕಾರನ ತೀರ್ಮಾನಕ್ಕೆ, ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಬರುತ್ತದೆ. ನಿಜ ತಿಳಿಯಲೆಂದು ನಡೆಸುವ ಮಾತುಕತೆಯನ್ನು ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರ ‘ವಾದ’ ಎನ್ನುತ್ತದೆ, ಗೆಲ್ಲಲೆಂದೇ ನಡೆಸುವುದನ್ನು ‘ಜಲ್ಪ’ ಎನ್ನುತ್ತದೆ. ಅವತ್ತು ನಾನು ಮಾಡಿದ್ದು ಜಲ್ಪವೇ.

ರಾತ್ರಿ ಹಾಳೆಯೊಂದರ ನಡುವೆ ಗೆರೆ ಎಳೆದು ಕೂತೆ. 1772ರಲ್ಲಿ ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯ, ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಪತ್ರದಲ್ಲಿ ಬರೆದ ಉಪಾಯ ಇದು. ಒಂದು ಬದಿ ಪರ, ಇನ್ನೊಂದು ಬದಿ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗಿ, ಆಮೇಲೆ ತೂಕ ಸಮವಾದದ್ದನ್ನು ಎರಡೂ ಕಡೆ ಹೊಡೆದುಹಾಕಬೇಕು. ಈ ಬದಿಯ ಒಂದು ಕಾರಣ ಆ ಬದಿಯ ಎರಡಕ್ಕೆ ಸಮ ಅನ್ನಿಸಿದರೆ ಮೂರನ್ನೂ ಹೊಡೆಯಬೇಕು.

ನನ್ನ ಬದಿ ಏಳು ಕಾರಣ, ಅವರ ಬದಿ ಎರಡು. ಮರುದಿನ ಓದಿದರೆ ನನ್ನ ಏಳರಲ್ಲಿ ಐದು ಒಂದೇ ಮಾತಿನ ಬೇರೆ ಬೇರೆ ವೇಷ: ಭಯವಿಲ್ಲದೆ ಜನ ತಂದುಕೊಡುವುದಿಲ್ಲ. ಅದೂ ನನ್ನ ಊಹೆ. ಅವರದಾದರೋ ವರ್ಷಗಟ್ಟಲೆ ಮೇಜಿನ ಹಿಂದೆ ಕೂತು ಕಂಡದ್ದು. ಆದರೆ ಬಾರದೆ ಹೋದವರ ಮನಸ್ಸು ಅವರಿಗಾದರೂ ಹೇಗೆ ಗೊತ್ತು? ಇಬ್ಬರೂ ಕೂತು ಬಾಕಿಯಿದ್ದ ಕೆಲವರಿಗೆ ಫೋನ್ ಮಾಡಿದೆವು. ‘ಪುಸ್ತಕ ಕಪಾಟಿನಲ್ಲೇ ಇದೆ, ದಂಡ ಎಷ್ಟಾಗಿದೆಯೋ ಅಂತ ಬರಲಿಲ್ಲ’ ಎಂದರು ಒಬ್ಬರು. ಇನ್ನೊಬ್ಬರು ಮರೆತೇ ಬಿಟ್ಟಿದ್ದರು.

ಎಷ್ಟು ತೂಗಿದರೂ ನನ್ನ ಬದಿಯ ಒಂದು ಸಾಲನ್ನು ಮಾತ್ರ ಹೊಡೆಯಲಾಗಲಿಲ್ಲ: ಅದೇ ಪುಸ್ತಕಕ್ಕಾಗಿ ಕಾಯುತ್ತಿರುವ ಮತ್ತೊಬ್ಬ ಓದುಗ.

ಮುಂದಿನ ಸಭೆಯಲ್ಲಿ ಮೊದಲು ಅವರ ವಾದ ಹೇಳಿದೆ, ಆಮೇಲೆ ಆ ಒಂದು ಸಾಲು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಯುವವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ’ ಎಂದರು. ದಂಡ ಹೋಯಿತು, ಹಳೆಯ ಪುಸ್ತಕ ಬರುವತನಕ ಹೊಸದು ಇಲ್ಲ ಎಂದಾಯಿತು. ಹಾಗಾದರೆ ಪುಸ್ತಕ ಕಳೆದುಕೊಂಡವರ ಗತಿ ಏನು ಎಂದು ಸದಸ್ಯರೊಬ್ಬರು ಕೇಳಿದರು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಹಾಳೆಯ ಇನ್ನೊಂದು ಮಗ್ಗುಲಿಗೆ ಮತ್ತೆ ಗೆರೆ ಎಳೆದೆ.