ಕನ್ನಡಿಯನ್ನು ತಣ್ಣಗೆ ಮಾಡಿದರೆ ಆಯಿತಲ್ಲ ಎನ್ನುವವರಿಗೆ

ಸೂಕ್ಷ್ಮ ಅಳತೆಗೆ ಬಳಸುವ ಲೇಸರ್ ಕನ್ನಡಿಗಳು ನನ್ನ ಕೆಲಸ. ಶಾಖದಿಂದ ಅವುಗಳ ಮೈ ಸದಾ ನಡುಗುತ್ತದೆ ಎಂದೊಡನೆ ಎಲ್ಲರೂ ಕೇಳುವುದು ಒಂದೇ: "ತಣ್ಣಗೆ ಮಾಡಿದರೆ ಆಯಿತಲ್ಲ?" ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ, ಆ "ಆಯಿತಲ್ಲ"ದ ಮೇಲಿದೆ. ಮೊನ್ನೆ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರೂ ಅದನ್ನೇ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಂತು, ಅವರು ಆ ಕಡೆ ತಿರುಗಿದರು.

ತಣಿಸಿದ್ದಾರೆ, ಸ್ವಾಮಿ. ಗುರುತ್ವ ಅಲೆಗಳನ್ನು, ಅಂದರೆ ದೇಶಕಾಲದ ಅತಿ ಸಣ್ಣ ಅಲುಗಾಟಗಳನ್ನು, ಹಿಡಿಯಲು ಕಟ್ಟಿದ ಜಪಾನಿನ ಕಾಗ್ರಾ ಯಂತ್ರದಲ್ಲಿ 23 ಕಿಲೋ ತೂಕದ ನೀಲಮಣಿ ಕನ್ನಡಿಗಳನ್ನು 20 ಕೆಲ್ವಿನ್ (ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 253 ಡಿಗ್ರಿ ಕೆಳಗೆ) ಆಸುಪಾಸಿನಲ್ಲಿ ಇಡಲೆಂದೇ ರೂಪಿಸಿದ್ದಾರೆ. ಆದರೆ ನಡುಕ ಇಳಿಯುವುದು ತಾಪಮಾನದ ವರ್ಗಮೂಲದಷ್ಟೇ. ಕೋಣೆಯ ತಾಪಮಾನವಾದ ಸುಮಾರು 300ರಿಂದ 20 ಕೆಲ್ವಿನ್‌ಗೆ ಇಳಿಸಿದರೂ ನಾಲ್ಕು ಪಟ್ಟು ಲಾಭವಿಲ್ಲ. ಅದೂ ವಸ್ತು ಕೈಕೊಡದಿದ್ದರೆ. 2015ರಲ್ಲಿ ಗುರುತ್ವ ಅಲೆಯನ್ನು ಮೊದಲು ಹಿಡಿದ ಅಮೆರಿಕದ ಲೈಗೋದ 40 ಕಿಲೋ ಕನ್ನಡಿಗಳು ಸಿಲಿಕಾ ಗಾಜಿನವು. ಅಷ್ಟು ತಣಿಸಿದರೆ ಆ ಗಾಜಿನ ಒಳಘರ್ಷಣೆ, ಅಂದರೆ ಕಂಪನವನ್ನು ಒಳಗೇ ನುಂಗುವ ಗುಣ, ಏರಿಬಿಡುತ್ತದೆ; ಅದರೊಡನೆ ನಡುಕದ ಗದ್ದಲವೂ.

"ಕನ್ನಡಿಯ ಯಾವ ಭಾಗ ಗದ್ದಲ ಮಾಡುತ್ತದೆ?" ಎಂದು ಯಾರಾದರೂ ಕೇಳಬಾರದೇ! ನನ್ನ ಅಜ್ಜಿ ಸಂತೆಯಲ್ಲಿ ಮಡಕೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಠಣ್ ಎಂದು ನಾದ ಎಳೆದರೆ ಮಾತ್ರ ಕೊಳ್ಳುತ್ತಿದ್ದರು. ನಾವು ನೋಡುವುದೂ ಅದನ್ನೇ. ಚೆನ್ನಾಗಿ ಮೊಳಗುವ ವಸ್ತು ಶಾಖದ ನಡುಕವನ್ನೆಲ್ಲ ತನ್ನ ಒಂದೆರಡು ಸ್ವರಗಳಿಗೆ ಸೇರಿಸಿಕೊಂಡು ಉಳಿದೆಡೆ ಸುಮ್ಮನಿರುತ್ತದೆ. ದಬ್ ಎನ್ನುವುದು ಎಲ್ಲ ಸ್ವರದಲ್ಲೂ ಗುಜುಗುಜು ಎನ್ನುತ್ತದೆ. ಕಂಪನವನ್ನು ನುಂಗುವ ವಸ್ತುವೇ ಗದ್ದಲವನ್ನೂ ಎಬ್ಬಿಸುತ್ತದೆ ಎಂಬುದನ್ನು ಭೌತವಿಜ್ಞಾನಿಗಳಾದ ಕ್ಯಾಲೆನ್ ಮತ್ತು ವೆಲ್ಟನ್ 1951ರಲ್ಲೇ ಗಣಿತದಲ್ಲಿ ತೋರಿಸಿದರು.

ಲೈಗೋದಲ್ಲಿ ದಬ್ ಎನ್ನುವುದು ಗಾಜಲ್ಲ, ಅದರ ಮುಖದ ಮೇಲಿನ ಕೆಲವೇ ಮೈಕ್ರಾನ್ ದಪ್ಪದ ಹೊಳಪಿನ ಲೇಪನ. ಅದರಲ್ಲೂ ಟ್ಯಾಂಟಲಮ್ ಆಕ್ಸೈಡಿನ ಪದರಗಳು. ಟೈಟಾನಿಯಂ ಬೆರೆಸಿ ಸ್ವಲ್ಪ ಪಳಗಿಸಿದ್ದಾರೆ. ಗ್ಯಾಲಿಯಂ ಆರ್ಸೆನೈಡ್ ಹರಳಿನ ಪದರಗಳಲ್ಲಿ ಘರ್ಷಣೆ ಹತ್ತು ಪಟ್ಟು ಕಡಿಮೆ ಎಂದು 2013ರಲ್ಲಿ ಕಂಡಿತು. ಆದರೆ 34 ಸೆಂಟಿಮೀಟರ್ ಅಗಲದ ಮುಖಕ್ಕೆ ಒಂದೂ ಕಲೆಯಿಲ್ಲದೆ ಹರಳು ಹೊದಿಸುವುದು ಎಂಥ ಕೆಲಸ ಎಂದು ಯೋಚಿಸಿ.

ಮೇಜಿನ ಮೇಲೆ ನಿರ್ವಾತದ ಪೆಟ್ಟಿಗೆಯಿದೆ. ಒಳಗೆ ತೆಳುವಾದ ಸಿಲಿಕಾ ಬಿಲ್ಲೆ, ನಡುಬಿಂದುವಿನ ಮೇಲಷ್ಟೇ ಕುಳಿತಿದೆ. ಸಣ್ಣದಾಗಿ ಮಿಡಿದರೆ ಅದರ ನಾದ ಎಷ್ಟೋ ನಿಮಿಷ ಆರುವುದಿಲ್ಲ. ನಾಳೆ ಅದಕ್ಕೆ ಹೊಸ ಲೇಪನ ಹಚ್ಚಿ ಮತ್ತೆ ಮಿಡಿಯುತ್ತೇನೆ.