ಶಾರ್ಟ್‌ವೇವ್ ರೇಡಿಯೊ ಹುಡುಕಾಟ: ಆರು ವಾರದ ಲೆಕ್ಕ

ಬನಹಟ್ಟಿಯ ನಮ್ಮ ಮನೆಯಲ್ಲಿ ಅಜ್ಜನ ಮರ್ಫಿ ರೇಡಿಯೊ ಇನ್ನೂ ಇದೆ. ಅದರ ವಾಲ್ವುಗಳು ಕೆಟ್ಟು ಎಷ್ಟೋ ವರ್ಷ ಆಯ್ತು. ಆದರೆ ಪಡಸಾಲೆಯ ತೊಲೆಗೆ ಕಟ್ಟಿದ ಏರಿಯಲ್ ಹಾಗೇ ಉಳಿದಿದೆ. ಸಣ್ಣ ತಾಮ್ರದ ತಂತಿಯನ್ನು ಜಾಳಿಗೆಯ ಹಾಗೆ ನೇಯ್ದ ಪಟ್ಟಿ, ಎರಡು ಬೆರಳು ಅಗಲ, ಈಗ ಹಸಿರು ಹಿಡಿದಿದೆ. ನೇಕಾರರ ಮನೆಗೆ ನೇಯ್ದ ಏರಿಯಲ್! ಅಜ್ಜ ಅದರಲ್ಲೇ ಸಿಲೋನ್ (ಶ್ರೀಲಂಕಾದ ರೇಡಿಯೊ ಸ್ಟೇಶನ್) ಕೇಳುತ್ತಿದ್ದರು. ಅಪ್ಪನಿಗೆ ಬಿಬಿಸಿ ಹಿಂದಿ ಬೇಕಿತ್ತು. 2020ರ ಜನವರಿ ಕೊನೆಗೆ ಅದರ ಶಾರ್ಟ್‌ವೇವ್ (ಬಹಳ ದೂರದವರೆಗೆ ಹೋಗುವ ರೇಡಿಯೊ ಅಲೆ) ಪ್ರಸಾರ ನಿಂತಾಗ ಅಪ್ಪ ತಮ್ಮ ಟ್ರಾನ್ಸಿಸ್ಟರ್ ಒರೆಸಿ ಕಪಾಟಿನಲ್ಲಿ ಇಟ್ಟುಬಿಟ್ಟರು.

ಈ ವರ್ಷ ಒಂದು ಒಳ್ಳೆ ರೇಡಿಯೊ ತಗೋಬೇಕು ಅಂತ ದುಡ್ಡು ಕೂಡಿಸಿದ್ದೇನೆ. ಆರು ವಾರದಲ್ಲಿ ಎಲ್ಲಿಗೆ ಬಂದೆ ಅಂತ ಬರೆದಿಡುತ್ತಿದ್ದೇನೆ.

ಮೊದಲ ವಾರ

ಪಟ್ಟಿಯಲ್ಲಿ ಮೂರು ಉಳಿದವು. ಐಕಾಮ್ ಐಸಿ-ಆರ್8600, ಮೇಜಿನ ಮೇಲಿಡುವ ಸೆಟ್, 10 ಕಿಲೋಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ, ಬೆಲೆ ಎರಡು ಲಕ್ಷದ ಮೇಲೆ. ಟೆಕ್ಸನ್ ಪಿಎಲ್-990, ಕೈಯಲ್ಲಿ ಹಿಡಿಯುವಂಥದ್ದು. ಏರ್‌ಸ್ಪೈ ಎಚ್‌ಎಫ್ ಪ್ಲಸ್ ಡಿಸ್ಕವರಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಲ್ಯಾಪ್‌ಟಾಪ್‌ಗೆ ಜೋಡಿಸಬೇಕು.

ನನ್ನ ಮನಸ್ಸೆಲ್ಲ ಐಕಾಮ್ ಮೇಲೆ ಇತ್ತು. ಆದರೆ ಶಾರ್ಟ್‌ವೇವ್ ಅಂದರೆ 3ರಿಂದ 30 ಮೆಗಾಹರ್ಟ್ಸ್. ಅದರಾಚೆ ನಾನು ಕೇಳುವುದೇ ಇಲ್ಲ. ಕೇಳದ ಭಾಗಕ್ಕೂ ದುಡ್ಡು ಕೊಡಬೇಕಾ? ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಎರಡನೇ ವಾರ

ಜಮಖಂಡಿಯ ಗೆಳೆಯ ತನ್ನ ಪಿಎಲ್-990 ಕೊಟ್ಟ. ಸಂಜೆ ಏಳಕ್ಕೆ ಮಾಳಿಗೆ ಹತ್ತಿ ಹಚ್ಚಿದೆ. 31 ಮೀಟರ್ ಬ್ಯಾಂಡ್ (ಶಾರ್ಟ್‌ವೇವ್ ಸ್ಟೇಶನ್‌ಗಳು ಒಟ್ಟಿಗೆ ಸಿಗುವ ಒಂದು ಭಾಗ) ತುಂಬ ಬರೀ ಗರ್‌... ಅನ್ನುವ ಸದ್ದು. ಓಣಿ ತುಂಬ ಪವರ್‌ಲೂಮ್ ಖಟಖಟ ಅನ್ನುತ್ತಿದ್ದವು. ಇದು ಮಗ್ಗದ್ದೇ ಕಾಟ ಅಂದುಕೊಂಡೆ. ಈ ಊರಲ್ಲಿ ಎಷ್ಟು ದೊಡ್ಡ ರೇಡಿಯೊ ತಂದರೂ ಅಷ್ಟೇ ಅಂತ ಬಹಳ ಬೇಜಾರಾಯಿತು.

ಅಮಾವಾಸ್ಯೆ

ನಮ್ಮ ಓಣಿಯಲ್ಲಿ ಅವತ್ತು ಮಗ್ಗಕ್ಕೆ ರಜೆ. ಕಿವಿಗೆ ಎಷ್ಟು ಹಿತ! ಆದರೆ ರೇಡಿಯೊದಲ್ಲಿ ಅದೇ ಗರ್‌. ಒಂದಿಷ್ಟೂ ಕಡಿಮೆ ಇಲ್ಲ.

ಆಮೇಲೆ ಯೋಚನೆ ಮಾಡಿದರೆ ಸರಿಯೇ ಇದೆ. ಮಗ್ಗದ ಇಂಡಕ್ಷನ್ ಮೋಟಾರಿಗೆ ಬ್ರಷ್ ಇಲ್ಲ, ಕಿಡಿ ಹಾರುವುದಿಲ್ಲ. ಸ್ವಿಚ್ ಹಾಕುವಾಗ ಒಂದು 'ಟಿಕ್' ಕೇಳಬಹುದು, ಅಷ್ಟೇ. ಸುಮ್ನೆ ಮಗ್ಗದ ಮೇಲೆ ತಪ್ಪು ಹೊರಿಸಿದ್ದೆ.

ನಾಲ್ಕು ದಿನದ ನಂತರ ರಾತ್ರಿ ಕರೆಂಟ್ ಹೋಯಿತು. ರೇಡಿಯೊ ಬ್ಯಾಟರಿಯ ಮೇಲೆ ಇತ್ತು. ಗರ್‌ ತಟ್ಟನೆ ನಿಂತಿತು. ಅದರಡಿ ಮುಚ್ಚಿಹೋಗಿದ್ದ ಸ್ಟೇಶನ್‌ಗಳು ಒಂದರ ಪಕ್ಕ ಒಂದು ಎದ್ದು ಬಂದವು. ಅರಬ್ಬಿ, ಚೀನಿ, ಒಂದು ಕಡೆ ಪಿಟೀಲು. ಕತ್ತಲಲ್ಲಿ ನಿಂತು ಮುಕ್ಕಾಲು ಗಂಟೆ ಕೇಳಿದೆ. ಕರೆಂಟ್ ಬಂದಿದ್ದೇ ತಡ, ಎಲ್ಲ ಮತ್ತೆ ಮುಳುಗಿದವು.

ಮರುದಿನ ನಮ್ಮ ಮನೆಯ ಮೇನ್ ಸ್ವಿಚ್ ಇಳಿಸಿ ನೋಡಿದೆ. ಸದ್ದು ಅರ್ಧಕ್ಕೆ ಇಳಿಯಿತು! ಅಂದರೆ ಅರ್ಧ ಕಾಟ ನಮ್ಮದೇ. ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ಸಿಕ್ಕಿದ್ದು ಮೆಟ್ಟಿಲಿನ ಅಗ್ಗದ ಎಲ್‌ಇಡಿ ಬಲ್ಬು ಮತ್ತು ಟಿವಿ ಡಬ್ಬಿಯ ಅಡಾಪ್ಟರ್. ಇವುಗಳೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಫಿಲ್ಟರ್ ಹಾಕದೆ ಮಾರಿದರೆ ವೈರಿಂಗೇ ಏರಿಯಲ್ ಆಗಿ ಸದ್ದು ಬಿತ್ತರಿಸುತ್ತದೆ.

ಉಳಿದರ್ಧ ಹುಡುಕಲು ರೇಡಿಯೊ ಹಿಡಿದು ಓಣಿಯಲ್ಲಿ ನಡೆದೆ. ಪಕ್ಕದ ಮನೆ ಕಾಕಾ ಕಟ್ಟೆಯ ಮೇಲೆ ಕೂತಿದ್ದರು.

"ಏನ್ ಹುಡಕಾಕತ್ತಿ ತಮ್ಮಾ?"

"ಸದ್ದು ಹುಡಕಾಕತ್ತೀನಿ ಕಾಕಾ. ನಿಮ್ಮ ಮಗ್ಗದ ಖೋಲಿ ಲೈಟ್ ಒಮ್ಮೆ ಬಂದ್ ಮಾಡ್ತೀರೇನ್ರಿ?"

ಕಾಕಾ ಎದ್ದು ಹೋಗಿ ಬಂದ್ ಮಾಡಿದರು. ಸದ್ದು ಹೋಯಿತು. ಅವರಿಗೂ ಕೇಳಿಸಿ ತೋರಿಸಿದೆ. ಆ ಟ್ಯೂಬ್‌ಲೈಟ್ ಬದಲು ಬೇರೆ ಒಳ್ಳೆಯದನ್ನು ನಾನೇ ತಂದು ಹಾಕಿದೆ. ಈ ಆರು ವಾರದಲ್ಲಿ ಇದಕ್ಕಿಂತ ಒಳ್ಳೆ ಖರ್ಚು ಮಾಡಿಲ್ಲ.

ನಾಲ್ಕು, ಐದನೇ ವಾರ

ಮಾಳಿಗೆಯಿಂದ ಹಿತ್ತಲ ಬೇವಿನ ಮರಕ್ಕೆ 20 ಮೀಟರ್ ತಂತಿ ಎಳೆದೆ. ಬುಡಕ್ಕೆ ತಂತಿಯನ್ನು ಕೇಬಲ್‌ಗೆ ಹೊಂದಿಸುವ ಒಂಬತ್ತಕ್ಕೊಂದರ ಟ್ರಾನ್ಸ್‌ಫಾರ್ಮರ್, ಬೇರೆ ಅರ್ತಿಂಗ್ ರಾಡ್. ಮನೆಯ ಸದ್ದು ಕೇಬಲ್ ಹಿಡಿದು ಹರಡದಿರಲಿ ಅಂತ, ಅದು ಮನೆಯೊಳಗೆ ಬರುವ ಕಡೆ ಫೆರೈಟ್ ಬಳೆಗೆ ಹತ್ತು ಸುತ್ತು ಸುತ್ತಿದೆ. ಸ್ಟೇಶನ್ ಇಲ್ಲದ ಖಾಲಿ ಜಾಗದ ಸದ್ದು ಬಹಳ ಇಳಿಯಿತು. ಇಷ್ಟು ಲಾಭ ಯಾವ ದುಬಾರಿ ಸೆಟ್ಟಿನಿಂದಲೂ ಸಿಗುತ್ತಿರಲಿಲ್ಲ.

ಆರನೇ ವಾರ

ಗೆಳೆಯನ ಪರಿಚಯದವರಿಂದ ಏರ್‌ಸ್ಪೈ ಕೂಡ ಎರಡು ದಿನಕ್ಕೆ ಸಿಕ್ಕಿತು. ಒಂದೇ ತಂತಿ, ಒಂದೇ ಸಂಜೆ, ಎರಡೂ ಸೆಟ್. 10000 ಕಿಲೋಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಸಮಯ ಸಂಕೇತದ ಟಿಕ್ ಟಿಕ್ ಎರಡರಲ್ಲೂ ಚೆನ್ನಾಗಿ ಬಂತು. 7100ರ ಆಸುಪಾಸಿನ ಹ್ಯಾಮ್‌ಗಳ (ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ) ಮಾತಿಗೆ ಪಿಎಲ್-990ರ ಗುಂಡಿ ತಿರುಗಿಸುವುದೇ ಒಂದು ಸುಖ. ಆ ಗುಂಡಿಯ ಮೇಲೆ ನನಗೆ ನಿಜಕ್ಕೂ ಪ್ರೀತಿ ಬಂದುಬಿಟ್ಟಿದೆ.

ವ್ಯತ್ಯಾಸ ಕಂಡಿದ್ದು ದೂರದ ಸ್ಟೇಶನ್‌ಗಳಲ್ಲಿ. ಅಲೆಗಳು ಬೇರೆ ಬೇರೆ ದಾರಿ ಹಿಡಿದು ಬಂದು ಒಂದಕ್ಕೊಂದು ಹೊಡೆದಾಡುತ್ತವೆ. ಆಗ ಮಧ್ಯದ ಕ್ಯಾರಿಯರ್ (ದನಿಯನ್ನು ಹೊತ್ತು ತರುವ ಮೂಲ ಅಲೆ) ಮಾತ್ರ ಸೊರಗಿದರೆ ದನಿ ನೀರಲ್ಲಿ ಮುಳುಗಿದ ಹಾಗೆ ಒಡೆಯುತ್ತದೆ. ಏರ್‌ಸ್ಪೈ ಸಾಫ್ಟ್‌ವೇರಿನಲ್ಲಿ 'ಲಾಕ್ ಕ್ಯಾರಿಯರ್' ಒತ್ತಿದರೆ ದನಿ ಒಡೆಯದೆ ನಿಲ್ಲುತ್ತದೆ, ಸಣ್ಣದಾದರೂ ಮಾತು ತಿಳಿಯುತ್ತದೆ. ಇನ್ನೊಂದು ಮಾತು. 9400ರಿಂದ 9900ವರೆಗಿನ ಇಡೀ 31 ಮೀಟರ್ ಬ್ಯಾಂಡ್ ಒಂದೇ ಪರದೆಯಲ್ಲಿ ಕಾಣುತ್ತದೆ. ಸ್ಟೇಶನ್ ಅಂದರೆ ನೆಟ್ಟಗಿನ ಗೆರೆ, ಕಾಟದ ಸದ್ದು ಅಂದರೆ ಅಲ್ಲಾಡುವ ದಪ್ಪ ಪಟ್ಟೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಮಾತ್ರ ಚಾರ್ಜರ್ ತೆಗೆದೇ ನಡೆಸಬೇಕು, ಅದೂ ಸದ್ದು ಮಾಡುತ್ತದೆ.

ಏರ್‌ಸ್ಪೈ ತಗೊಳ್ಳುವುದು ಅಂತ ನಿರ್ಧಾರ ಆಯ್ತು. ಐಕಾಮ್ ಬಿಟ್ಟೆ. ಉಳಿದ ದುಡ್ಡಿನಲ್ಲಿ ಒಳ್ಳೆ ಕೇಬಲ್, ತಿರುಗಿಸುವ ಲೂಪ್ ಏರಿಯಲ್ ಮಾಡುವ ಸಾಮಾನು.

ನಿನ್ನೆ ರಾತ್ರಿ ಅಪ್ಪ ಬಂದು ಪಕ್ಕದಲ್ಲಿ ಕೂತರು. ಗಂಟೆ 8:55. 6676ರಲ್ಲಿ ಮುಂಬೈ ವೋಲ್ಮೆಟ್, ವಿಮಾನಗಳಿಗೆ ಹವಾಮಾನ ಹೇಳುವ ದನಿ, ಎದುರಿಗೇ ಕೂತು ಓದಿದಷ್ಟು ಸ್ಪಷ್ಟ. ಅದು ಮುಗಿಯುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಪರದೆಯ ಗೆರೆಗಳ ಮೇಲೆ ಬೆರಳು ಇಟ್ಟು ಕೇಳಿದರು: "ಇದರಾಗ ಸಿಲೋನ್ ಯಾವುದು?"

ಇವತ್ತು ಬೆಳಗ್ಗೆ ಐದೂವರೆಗೆ ಎದ್ದು ಇಬ್ಬರೂ ಮಾಳಿಗೆ ಹತ್ತಿದೆವು. ಇನ್ನೂ ಸಿಕ್ಕಿಲ್ಲ. ನಾಳೆ ಮತ್ತೆ ಹುಡುಕುತ್ತೇವೆ.