ಹೂಂಗುಟ್ಟದೆ ಕೇಳಿದ ಮಧ್ಯಾಹ್ನ

ನಮ್ಮ ಪಕ್ಕದ ಮನೆಯ ತಾತ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ 30 ವರ್ಷ ಅಚ್ಚುಮೊಳೆ ಜೋಡಿಸಿದವರು. ಸೀಸದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಓದುತ್ತಿದ್ದರಂತೆ. ಒತ್ತಕ್ಷರಕ್ಕೆ ಬೇರೆ ಮೊಳೆ, ಅದಕ್ಕೆ ಬೇರೆ ಖಾನೆ. ಯಾವುದು ಎಲ್ಲಿದೆ ಅಂತ ಇವತ್ತಿಗೂ ಅವರ ಬೆರಳಿಗೆ ಗೊತ್ತು. ಆ ಕೆಲಸ ಗೊತ್ತಿರುವವರು ಈಗ ಎಷ್ಟು ಜನ ಉಳಿದಿದ್ದಾರೆ? ಅವರ ಮಾತು ಅವರ ದನಿಯಲ್ಲೇ ಉಳಿಯಬೇಕು ಅನ್ನಿಸಿತು. ಅದಕ್ಕೇ ಪಾಡ್‌ಕಾಸ್ಟ್ ಶುರು ಮಾಡಲು ಹೊರಟೆ.

ಮೊದಲ ಸಲ ಹಾಲ್‌ನಲ್ಲಿ ಕೂತು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಅದನ್ನು ಜಯನಗರದಲ್ಲಿರುವ ಒಬ್ಬ ಅಕ್ಕನ ಹತ್ತಿರ ತೆಗೆದುಕೊಂಡು ಹೋದೆ. ಅವರು ಕೆಲವು ವರ್ಷಗಳಿಂದ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುತ್ತಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ 10 ನಿಮಿಷ ಕೇಳಿದರು. ಆಮೇಲೆ ಹೆಡ್‌ಫೋನ್ ನನ್ನ ಕೈಗೆ ಕೊಟ್ಟರು.

"ತಾತನ ಮಾತು ಚಿನ್ನ. ಆದ್ರೆ ನೀನು ಎಷ್ಟು ಸಲ ಹೂಂ ಅಂದಿದ್ದೀಯ, ಎಣಿಸಿ ನೋಡು."

ಫ್ಯಾನ್ ಸದ್ದಿತ್ತು, ಕುಕ್ಕರ್ ಕೂಗಿತ್ತು, ತರಕಾರಿ ಗಾಡಿಯ ಮೈಕಿತ್ತು. ಅವೆಲ್ಲಕ್ಕಿಂತ ಜಾಸ್ತಿ ಇದ್ದದ್ದು ನನ್ನ ಹೂಂ. ತಾತ ವಾಕ್ಯ ಮುಗಿಸುವಷ್ಟರಲ್ಲಿ, ಕೊನೆಯ ಪದದ ಮೇಲೇ ಹೂಂ. ಒಂದೇ ಮೈಕಿನಲ್ಲಿ ಹಿಡಿದದ್ದರಿಂದ ಅದನ್ನು ತೆಗೆದರೆ ತಾತನ ಪದವೂ ಹೋಗುತ್ತದೆ. ನಾವು ಬೆಳೆದದ್ದೇ ಹಾಗಲ್ವಾ? ಹೂಂಗುಟ್ಟದಿದ್ದರೆ ಅಜ್ಜಿ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದರು.

ಮುಂದಿನ ಭಾನುವಾರ ಅಕ್ಕ, ಅವರಿಗೆ ಎಡಿಟಿಂಗ್ ಮಾಡಿಕೊಡುವ ಗೆಳೆಯನ ಜೊತೆ ನಮ್ಮ ಮನೆಗೇ ಬಂದರು. ಬಂದವರೇ ಒಂದೊಂದು ಕೋಣೆಯಲ್ಲೂ ಚಪ್ಪಾಳೆ ತಟ್ಟಿ ನೋಡಿದರು. ಹಾಲ್‌ನ ಖಾಲಿ ಗೋಡೆ, ಗಟ್ಟಿ ನೆಲ ಸದ್ದನ್ನು ವಾಪಸ್ ಎಸೆಯುತ್ತಿತ್ತು. ಮಲಗುವ ಕೋಣೆಯಲ್ಲಿ ಚಪ್ಪಾಳೆ ಅಲ್ಲೇ ಸತ್ತಿತು. ಅಮ್ಮನ ಬೀರು ಬಾಗಿಲು ಪೂರ್ತಿ ತೆರೆಸಿದರು. ಸೀರೆಗಳು ದನಿಯನ್ನು ಹೀರಿಕೊಳ್ಳುತ್ತವಂತೆ. ಕಿಟಕಿಗೆ ಕೌದಿ ಇಳಿಬಿಟ್ಟರು. ನಾನು ಎಸ್‌ಪಿ ರೋಡಿಗೆ ಹೋಗಿ ದೊಡ್ಡ ಕಂಡೆನ್ಸರ್ ಮೈಕ್ ತರುವವಳಿದ್ದೆ. ಅಂಥ ಮೈಕ್ ಬೀದಿಯ ಸದ್ದನ್ನೂ ಚೆನ್ನಾಗಿ ಹಿಡಿಯುತ್ತದೆ, ಈ ಮನೆಗೆ ಬೇಡ ಅಂದರು ಆ ಗೆಳೆಯ. ತಮ್ಮವೇ ಎರಡು ಪುಟ್ಟ ಕಾಲರ್ ಮೈಕ್ ಕೊಟ್ಟರು. ತಾತನಿಗೊಂದು, ನನಗೊಂದು, ಎರಡಕ್ಕೂ ಬೇರೆ ಬೇರೆ ಟ್ರ್ಯಾಕ್. ತಾತನ ಶಲ್ಯ ಮೈಕಿಗೆ ಉಜ್ಜುತ್ತಿತ್ತು. ಅದನ್ನು ತೆಗೆದು ಮಡಿಚಿ ತೊಡೆ ಮೇಲಿಟ್ಟುಕೊಂಡರು.

ಶುರುವಾಯಿತು. ನಾನು ತುಟಿ ಬಿಗಿ ಹಿಡಿದು ಬರೀ ತಲೆಯಾಡಿಸಿದೆ. ಎರಡೇ ನಿಮಿಷ. ತಾತ ನಿಲ್ಲಿಸಿದರು.

"ಕೇಳಿಸ್ಕೊಳ್ತಾ ಇದ್ದೀಯೇನಮ್ಮಾ?"

ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಕೈಸನ್ನೆ ಮಾಡಿದರು, ಹತ್ತಿರ ಹೋಗು ಅಂತ. ಕುರ್ಚಿ ಎಳೆದುಕೊಂಡೆ. ಮಂಡಿಗೆ ಮಂಡಿ ತಾಗುವಷ್ಟು. ಕೈಯಲ್ಲಿದ್ದ ಪ್ರಶ್ನೆಗಳ ಹಾಳೆ ಕೆಳಗಿಟ್ಟು ಅವರ ಕಣ್ಣನ್ನೇ ನೋಡಿದೆ. ತಾತ ಮತ್ತೆ ಮಾತಿಗಿಳಿದರು.

ಅಕ್ಕ ಇನ್ನೊಂದು ಮಾತು ಹೇಳಿದ್ದರು. ತಾತ ಮಾತು ಮುಗಿಸಿದ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡ, ಮನಸ್ಸಲ್ಲೇ ಮೂರು ಎಣಿಸು ಅಂತ. ಪ್ರೆಸ್ಸು ಮುಚ್ಚಿದ ವಿಷಯ ಹೇಳಿ ತಾತ ಸುಮ್ಮನಾದರು. ಒಂದು, ಎರಡು, ಮೂರು. ಆಗ ಬಂತು, ಮೊದಲ ಸಲ ಹೇಳದೇ ಇದ್ದದ್ದು. ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿ ಮಾರಿದರಂತೆ. ಅವತ್ತು ಇವರು ಕೈಗೆ ಸಿಕ್ಕ ಒಂದು ಮೊಳೆಯನ್ನು ಜೇಬಿಗೆ ಹಾಕಿಕೊಂಡು ಬಂದರಂತೆ. ಅದು 'ಳ'. ಹೇಳುತ್ತಲೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಆ ಟಕ್ ಅನ್ನುವ ಸದ್ದು ಮೈಕಿಗೆ ಸಿಕ್ಕಿದೆ. ನನಗೆ ಇಡೀ ಕಂತಿನಲ್ಲಿ ಅದೇ ಇಷ್ಟ.

ಕೊನೆಗೆ ಎಲ್ಲರೂ 30 ಸೆಕೆಂಡ್ ಸುಮ್ಮನೆ ಕೂತೆವು. ಕೋಣೆಯ ಬರೀ ಮೌನವನ್ನೂ ಹಿಡಿದಿಟ್ಟುಕೊಳ್ಳಬೇಕು. ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಆ ತುಣುಕನ್ನು ತೋರಿಸಿದರೆ ಹಿನ್ನೆಲೆಯ ಗುಂಯ್ ಸದ್ದು ಯಾವುದು ಅಂತ ಅದಕ್ಕೆ ತಿಳಿಯುತ್ತದೆ, ಆಮೇಲೆ ಅದನ್ನು ತಗ್ಗಿಸಬಹುದು. ಅವತ್ತು ರಾತ್ರಿಯೇ ನನ್ನ ಟ್ರ್ಯಾಕ್‌ನಲ್ಲಿ ತಪ್ಪಿಸಿಕೊಂಡು ಬಂದಿದ್ದ ಹೂಂಗಳನ್ನು ಒಂದೊಂದಾಗಿ ಅಳಿಸಿದೆ. ತಾತನ ಮಾತಿಗೆ ಏನೂ ಆಗಲಿಲ್ಲ.

ಕಂತು ಹೊರಗೆ ಬಂದ ದಿನ ತಾತನಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಎಷ್ಟು ಪ್ರತಿ ಅಚ್ಚಾಯ್ತು?" ಅಂದರು.

ಒಂದೇ ತಾತ, ಅಂದೆ. ಆಡಿಯೊ ಒಂದು ಕಡೆ ಇಟ್ಟಿರುತ್ತೇವೆ, ಆರ್‌ಎಸ್‌ಎಸ್ ಫೀಡ್ ಅನ್ನುವುದು ಅದರ ಪಟ್ಟಿ, ಪಾಡ್‌ಕಾಸ್ಟ್ ಆಪ್‌ಗಳು ಆ ಪಟ್ಟಿ ನೋಡಿಕೊಂಡು ಕೇಳುವವರಿಗೆ ತಲುಪಿಸುತ್ತವೆ ಅಂತ ಅಕ್ಕ ನನಗೆ ಹೇಳಿದ್ದನ್ನೇ ಹೇಳಿದೆ.

"ಹಾಗಾದ್ರೆ ತಪ್ಪಿದ್ರೆ ಈಗ್ಲೂ ತಿದ್ದಬಹುದಾ?"

"ತಿದ್ದಬಹುದು ತಾತ. ಫೈಲ್ ಬದಲಾಯಿಸಿದ್ರೆ ಆಯ್ತು."

"ಪ್ರೆಸ್ಸಿಗೆ ಸೇರಿದ ವರ್ಷ ತಪ್ಪು ಹೇಳಿದ್ದೀನಿ. ಹೋಗಿ ಮೈಕ್ ತಗೊಂಡು ಬಾ," ಅಂದವರೇ ಶಲ್ಯ ತೆಗೆದು ಮಡಿಚತೊಡಗಿದರು.